ಕಿವಿಯಿಂದ ನೋಡುವ ಹಳೇ ಕಾಮಿಡಿ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಟಿ.ವಿ. ಯಾರೂ ನೋಡುವುದಿಲ್ಲ. ಹಾಗಂತ ಅದು ಬಂದ್ ಇರುವುದೂ ಇಲ್ಲ. ಹನ್ನೊಂದಕ್ಕೆ ಹಚ್ಚಿದ್ದು ನಾಲ್ಕರ ತನಕ ನಡೆದೇ ಇರುತ್ತದೆ. ಪಡಸಾಲೆಯಲ್ಲಿ ಕಪ್ಪು-ಬಿಳುಪು ಪಿಕ್ಚರ್ ಓಡುತ್ತಿರುತ್ತದೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ನರಸಿಂಹರಾಜು ಮಾತು ಮುಗಿಸುವ ಮೊದಲೇ ಅಡುಗೆಮನೆಯಿಂದ ನಗು ಕೇಳುತ್ತದೆ. ಮುಂದಿನ ಮಾತು ಆಕೆಗೆ ಬಾಯಿಪಾಠ. ಹೊರಗೆ ಬಂದು ತೆರೆ ನೋಡುವ ಜರೂರೇ ಇಲ್ಲ.

ಪಡಸಾಲೆಯ ಟಿ.ವಿ. ಬೇರೆಯವರ ಪಾಲಾದರೆ ಮೊಬೈಲ್ ಇದೆ. ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟಿರುತ್ತಾರೆ. ಕೈಗೆಲ್ಲ ಹಿಟ್ಟು. ಜಾಹೀರಾತು ಬಂದಾಗ ಕಿರುಬೆರಳಿನ ಗೆಣ್ಣಿನಿಂದ ಒತ್ತಿ ಮುಂದೆ ಕಳಿಸುತ್ತಾರೆ. ಆ ಗೆಣ್ಣಿನ ಗುರುತು ಪರದೆಯ ಒಂದೇ ಮೂಲೆಯಲ್ಲಿ ಬಿಳಿ ಚುಕ್ಕೆಯಾಗಿ ಉಳಿದಿರುತ್ತದೆ. ಉಳಿದ ಪರದೆಯನ್ನು ಯಾರೂ ಮುಟ್ಟಿಲ್ಲ, ಜಾಸ್ತಿ ಹೊತ್ತು ನೋಡಿಯೂ ಇಲ್ಲ.

ಹಳೇ ಸಿನಿಮಾ, ಹಳೇ ಕಾಮಿಡಿ ಸೀರಿಯಲ್ ಮನೆಗಳಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಹಳೇ ನೆನಪಿನ ಸೆಳೆತವೇ ಕಾರಣ ಅನ್ನುತ್ತಾರೆ. ಅಜ್ಜ-ಅಜ್ಜಿಯ ಮಟ್ಟಿಗೆ ಅದು ಸರಿ ಇರಬಹುದು. ಹತ್ತನೇ ಕ್ಲಾಸಿನ ಹುಡುಗ ಬಾಲಕೃಷ್ಣರ ಸೀನಿಗೆ ಬಿದ್ದು ಬಿದ್ದು ನಗುತ್ತಾನಲ್ಲ, ಅವನಿಗೆ ಎಲ್ಲಿಯ ನೆನಪು? ನನಗೆ ಕಾಣುವ ಕಾರಣ ಬೇರೆ. ಈ ಕಾಮಿಡಿಗಳನ್ನು ನಾವು ನೋಡುವುದಕ್ಕಿಂತ ಕೇಳುವುದು ಜಾಸ್ತಿ. ಅವು ಉಳಿದಿರುವುದು ಇದರಿಂದ. ಕಣ್ಣೆದುರೇ ಅವುಗಳ ಚಿತ್ರ ಹಾಳಾಗುತ್ತಿದ್ದರೂ ಯಾರೂ ತಕರಾರು ಮಾಡದೆ ಇರುವುದೂ ಇದರಿಂದಲೇ.

ಕನ್ನಡ ಸಿನಿಮಾದ ಕಾಮಿಡಿ ಬಂದದ್ದು ಕಂಪನಿ ನಾಟಕದಿಂದ. ಮೈಕ್ ಇಲ್ಲದ ಕಾಲದಲ್ಲಿ ಕಟ್ಟಿದ ಕಲೆ ಅದು. ಹಿಂದಿನ ಸಾಲಿನಲ್ಲಿ ನೆಲಕ್ಕೆ ಕೂತವನಿಗೆ ನಟನ ಮುಖ ನೆಟ್ಟಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ ಮುಟ್ಟಲೇಬೇಕಿತ್ತು. ಅದಕ್ಕೆ ಪ್ರತಿ ಜೋಕಿಗೂ ಒಂದು ಎತ್ತುಗಡೆ, ಒಂದು ನಿಲುಗಡೆ, ಆಮೇಲೆ ಏಟು. ನಮ್ಮ ಭಾಗಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು. ಅದೇ ಊರಿನ ವೀರೇಶ್ವರ ಪುಣ್ಯಾಶ್ರಮಕ್ಕೂ ತನ್ನದೇ ನಾಟಕ ಕಂಪನಿ ಇತ್ತು. 1974ರ ‘ಸಂಪತ್ತಿಗೆ ಸವಾಲ್’ ಸಿನಿಮಾ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದದ್ದು. ಉತ್ತರ ಕರ್ನಾಟಕದ ರಂಗದ ಮೇಲೆ ಪಳಗಿದ ಕತೆ ಬೆಂಗಳೂರು-ಮದ್ರಾಸಿನ ದಾರಿ ಹಿಡಿದು, ರಾಜಕುಮಾರ್ ಮುಖ ಹೊತ್ತು ವಾಪಸ್ ಇಲ್ಲಿಯ ಟಾಕೀಜಿಗೇ ಬಂತು. ಇವತ್ತು ಅದನ್ನು ಟಿ.ವಿ.ಯಲ್ಲಿ ಕೇಳಿ. ದೃಶ್ಯ ಮರೆತು ಬರೀ ಮಾತಿಗೆ ಕಿವಿ ಕೊಡಿ. ನಾಟಕದ ಬೋರ್ಡಿನ ಸಪ್ಪಳ ಇನ್ನೂ ಕೇಳಿಸುತ್ತದೆ.

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ನಾಯಕರಾದರು, ನರಸಿಂಹರಾಜು ಹಾಸ್ಯನಟರಾಗಿ ಬಂದರು. ಇಬ್ಬರೂ ರಂಗಭೂಮಿಯವರು. ಬಾಲಕೃಷ್ಣರೂ ಅಲ್ಲಿಯವರೇ. ಬಾಲಕೃಷ್ಣರ ವಿಷಯ ಇನ್ನೂ ವಿಚಿತ್ರ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮುಂದಿನವರ ಮಾತು ಪೂರ್ತಿ ಕಿವಿಗೆ ಬೀಳದ ಮನುಷ್ಯ, ಆದರೆ ತನ್ನ ಸರದಿ ಬಂದಾಗ ಮಾತು ಇಡುವ ಜಾಗ ಒಂಚೂರೂ ತಪ್ಪುತ್ತಿರಲಿಲ್ಲ. ಆ ಎಳೆದು ಬಿಡುವ ರಾಗ, ಮಧ್ಯದಲ್ಲಿ ಗಕ್ಕನೆ ನಿಲ್ಲಿಸುವುದು, ಕೊನೆಗೆ ಮೂಗಿನಲ್ಲೇ ಒಂದು ಹೂಂಕಾರ. ನಾವು ಇವತ್ತು ಕಣ್ಣು ಮುಚ್ಚಿಕೊಂಡು ಅನುಭವಿಸುವ ಕಾಮಿಡಿಯನ್ನು ಕಿವಿ ಕೇಳದವರೊಬ್ಬರು ಕಟ್ಟಿಕೊಟ್ಟರು ಅಂದರೆ ಸೋಜಿಗ ಅಲ್ವಾ?

ಧಾರವಾಡಕ್ಕೆ ಇನ್ನೊಂದು ತರಬೇತಿಯೂ ಆಗಿತ್ತು. 1950ರ ಜನವರಿ 8ರಂದು ಇಲ್ಲಿ ಆಕಾಶವಾಣಿ ಶುರುವಾಯಿತು. ಎನ್ಕೆ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಎನ್.ಕೆ. ಕುಲಕರ್ಣಿಯವರಂಥ ಹಾಸ್ಯ ಬರಹಗಾರರು ಅಲ್ಲಿ ಕೆಲಸ ಮಾಡಿದರು. ಧಾರವಾಡದ ಮಾತನ್ನೇ ಹಿಡಿದು ನಗಿಸುವ ರೇಡಿಯೋ ನಾಟಕಗಳು ಬಂದವು. ಆಮೇಲೆ ಸಿನಿಮಾದ ಮಾತು-ಹಾಡುಗಳನ್ನೇ ಆರಿಸಿ ಬಿತ್ತರಿಸುವ ಕಾರ್ಯಕ್ರಮಗಳು, ಇಡೀ ಸಿನಿಮಾದ ಸಂಭಾಷಣೆ ತುಂಬಿದ ಆಡಿಯೋ ಕ್ಯಾಸೆಟ್ಟುಗಳು. ಕೆಲಸ ಮಾಡುತ್ತ ಮಾಡುತ್ತ ನಗುವ ಅಭ್ಯಾಸ ಟಿ.ವಿ. ಬರುವ ಎಷ್ಟೋ ಮೊದಲೇ ಈ ಮನೆಗಳಿಗೆ ಬಂದಿತ್ತು. ಟಿ.ವಿ. ಬಂದಾಗ ಜನ ಅದನ್ನು ಚಿತ್ರ ಇರುವ ರೇಡಿಯೋ ಅಂತಲೇ ಬಳಸಿದರು ಅನ್ನುವುದು ನನ್ನ ಅನಿಸಿಕೆ.

ಕಾಮಿಡಿ ಸೀರಿಯಲ್‌ಗಳೂ ಅದೇ ದಾರಿ ಹಿಡಿದವು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. 1994ರಲ್ಲಿ ಉದಯ ಬಂತು, 2000ದ ಕೊನೆಗೆ ಈಟಿವಿ ಕನ್ನಡ. ಈಟಿವಿಯ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳನ್ನು ನೆನಪು ಮಾಡಿಕೊಳ್ಳಿ. ಒಂದು ಹಾಲ್, ಒಂದು ಸೋಫಾ, ಬರಲು ಒಂದು ಬಾಗಿಲು, ಹೋಗಲು ಒಂದು ಬಾಗಿಲು. ಕಡಿಮೆ ದುಡ್ಡಿನಲ್ಲಿ ದಿನಾ ಒಂದು ಕಂತು ತೆಗೆಯಬೇಕಾದಾಗ ಕ್ಯಾಮೆರಾ ಎಲ್ಲಿಗೂ ಹೋಗುವುದಿಲ್ಲ. ಎಲ್ಲ ಕೆಲಸ ಮಾತೇ ಮಾಡಬೇಕು. ಪಾತ್ರಕ್ಕೊಂದು ರೂಢಿ ಮಾತು, ಏಟು ಬಿದ್ದಾಗ ಟೊಂಯ್ ಅನ್ನುವ ಸದ್ದು, ಬೇಸ್ತು ಬಿದ್ದಾಗ ಇನ್ನೊಂದು ಸದ್ದು. ಆ ಸದ್ದುಗಳ ಮೇಲಿಂದಲೇ ಒಳಗಿದ್ದವರಿಗೆ ಹೊರಗೆ ಏನಾಯಿತು ಅಂತ ಗೊತ್ತಾಗುತ್ತಿತ್ತು.

ತೂಗಿ ನೋಡಲು ಶಂಕರ್ ನಾಗ್ ಮಾಡಿದ ‘ಮಾಲ್ಗುಡಿ ಡೇಸ್’ ಇದೆ. ಆಗುಂಬೆಯ ಬೀದಿ, ಮಳೆ, ಹುಡುಗನ ಮುಖ, ಸುಮ್ಮನೆ ನಿಂತ ಕ್ಯಾಮೆರಾ. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದರೆ ಅಡುಗೆಮನೆಯಲ್ಲಿದ್ದವರು ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. ಅದು ಕೂತು ನೋಡಬೇಕಾದದ್ದು. ಎಲ್ಲರೂ ಅದನ್ನು ಮೆಚ್ಚುತ್ತಾರೆ. ಆದರೆ ಮಧ್ಯಾಹ್ನ ಪಲ್ಯ ಹೆಚ್ಚುವಾಗ ಹಚ್ಚುವುದು ಅದನ್ನಲ್ಲ. ಹೊಸ ವೆಬ್ ಸೀರೀಸ್‌ಗಳ ಕತೆಯೂ ಇದೇ. ಅರ್ಧ ನಿಮಿಷ ಮಾತಿಲ್ಲದ ದೃಶ್ಯ ಬಂದರೆ ಸಾಕು, ಒಳಗಿನಿಂದ ಕೂಗು ಬರುತ್ತದೆ: “ಏನಾತೋ, ಬಂದ್ ಆತೇನು?”

ಇಷ್ಟರ ತನಕ ಸಂತೋಷದ ಕತೆ. ಇನ್ನು ತೆರೆಯ ಕಡೆ ಸ್ವಲ್ಪ ನೋಡೋಣ.

ಮೊಬೈಲಿನಲ್ಲಿ ಒಂದು ಹಳೇ ಕನ್ನಡ ಕಾಮಿಡಿ ಹುಡುಕಿ, ಸಿಕ್ಕ ನಾಲ್ಕಾರು ಪ್ರತಿಗಳನ್ನು ತೆರೆದು ನಿಧಾನವಾಗಿ ನೋಡಿ. ಒಂದರಲ್ಲಿ ಅಂಗಡಿ ಬೋರ್ಡಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಾರಿನ ಸ್ಟಿಯರಿಂಗ್ ಎಡಕ್ಕಿರುತ್ತದೆ. ಇನ್ನೊಂದರಲ್ಲಿ ಸುತ್ತ ಹೂವಿನ ಚೌಕಟ್ಟು, ನಡುವೆ ಸಣ್ಣ ಚಿತ್ರ. ಮತ್ತೊಂದರಲ್ಲಿ ಎಲ್ಲರ ದನಿ ಒಂದಿಷ್ಟು ಕೀರಲು, ನಡಿಗೆ ಒಂದಿಷ್ಟು ಅವಸರ. ಮಗದೊಂದರಲ್ಲಿ ಹಾಡು ಬಂದ ಕೂಡಲೇ ಸದ್ದೇ ಇಲ್ಲ, ನಾಯಕ-ನಾಯಕಿ ಬಾಯಿ ಆಡಿಸುತ್ತ ಮರ ಸುತ್ತುತ್ತಾರೆ. ಇವು ಯಾವುದೂ ಆಕಸ್ಮಿಕ ಅಲ್ಲ. ಯೂಟ್ಯೂಬಿನಂಥ ತಾಣಗಳಲ್ಲಿ ಹಕ್ಕುದಾರರು ಕೊಟ್ಟ ಮೂಲ ಪ್ರತಿಯ ಜೊತೆ ಹೊಸದಾಗಿ ಹಾಕಿದ್ದನ್ನು ಯಂತ್ರವೇ ಹೋಲಿಸಿ ನೋಡುತ್ತದೆ. ಆ ಯಂತ್ರದ ಕಣ್ಣು ತಪ್ಪಿಸಲು ಚಿತ್ರ ತಿರುಗಿಸುತ್ತಾರೆ, ವೇಗ ಬದಲಿಸುತ್ತಾರೆ, ಚೌಕಟ್ಟು ಹಾಕುತ್ತಾರೆ. ಹಾಡಿನ ಹಕ್ಕು ಆಡಿಯೋ ಕಂಪನಿಯ ಬಳಿ ಬೇರೆಯಾಗಿ ಇದ್ದರೆ ಹಾಡಿನ ಜಾಗದಲ್ಲಿ ಮೌನ.

ಸರಿಯಾದ ಹಕ್ಕು ಇರುವವರು ಹಾಕಿದ ಪ್ರತಿಗಳೂ ಎಲ್ಲವೂ ಚೆನ್ನಾಗಿಲ್ಲ. ಹಳೇ ಟಿ.ವಿ.ಯ ಚೌಕಟ್ಟು 4:3, ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಈಗಿನ ಟಿ.ವಿ.ಯದು 16:9. ಅಗಲ ತುಂಬಿಸಬೇಕು ಅಂತ ಹಿಗ್ಗಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ನಾಲ್ಕನೇ ಒಂದು ಭಾಗ ಹೋಗುತ್ತದೆ. ಕಾಮಿಡಿಯಲ್ಲಿ ಆ ಕಾಲು ಭಾಗ ಸಣ್ಣದಲ್ಲ. ಕಾಲಿಗೆ ಸಿಕ್ಕಿದ ಚಾಪೆ, ಬೆನ್ನ ಹಿಂದೆ ಬಚ್ಚಿಟ್ಟ ಡಬ್ಬಿ ಎಲ್ಲ ಇರುವುದು ಕೆಳಗೇ. ಸಿನಿಮಾದ ವೇಗದ್ದೊಂದು ಲೆಕ್ಕವೂ ಇದೆ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರ, ನಮ್ಮ ಟಿ.ವಿ. ಪದ್ಧತಿ 25. ಟೇಪಿಗೆ ಇಳಿಸುವಾಗ ಇದ್ದದ್ದನ್ನೇ ಸ್ವಲ್ಪ ಓಡಿಸಿಬಿಟ್ಟರೆ ಕೆಲಸ ಹಗುರ. ಹೀಗೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ, ದನಿ ಕೊಂಚ ಮೇಲೇರುತ್ತದೆ. ಆ ಪ್ರತಿಯಲ್ಲೇ ಬೆಳೆದವರಿಗೆ ಅದೇ ಅಸಲಿ ದನಿ. 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಆ ಅಗಲದ ಚಿತ್ರವನ್ನು ಹಳೇ ಟಿ.ವಿ.ಗೆ ಕತ್ತರಿಸಿದಾಗ ಇಬ್ಬರು ಜಗಳಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಉಳಿಯುತ್ತಿತ್ತು.

ಇಷ್ಟಾದರೂ ದೂರು ಹೇಳಿದವರು ಎಷ್ಟು ಜನ? ಮಾತು ಸ್ಪಷ್ಟ ಇದ್ದರೆ ಆಯಿತು ಅನ್ನುವ ಮನೆಯಲ್ಲಿ ಚಿತ್ರ ತಿರುಗಿದ್ದನ್ನು ಗಮನಿಸುವವರಾರು? ಅರೆಬರೆ ನೋಡುವ ನಮ್ಮ ರೂಢಿ ಹಳೇ ಕಾಮಿಡಿಗೆ ದಿನಾ ಜೀವ ಕೊಡುತ್ತದೆ. ಒಳ್ಳೇ ಪ್ರತಿ ಮಾಡಿಸಿ ಅಂತ ಯಾರ ಮೇಲೂ ಒತ್ತಡ ಮಾತ್ರ ಹಾಕುವುದಿಲ್ಲ. ರಾಜಕುಮಾರ್ ಅವರ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಅದೇ ಯೋಗ ಬಂತು. ಅವು ಜನ ಟಾಕೀಜಿಗೆ ಹೋಗಿ, ಕತ್ತಲಲ್ಲಿ ಕೂತು, ಕಣ್ಣೀರು ಹಾಕುವ ಸಿನಿಮಾಗಳು. ರೊಟ್ಟಿ ಬಡಿಯುತ್ತ ಕೇಳುವ ಕಾಮಿಡಿಗೆ ಅಷ್ಟು ದುಡ್ಡು ಸುರಿಯಲು ಯಾರಿಗೂ ಕಾರಣ ಕಾಣುವುದಿಲ್ಲ.

ದುಡ್ಡಿನ ಮಾತು ಬಂತು. 2007ರ ಆಸುಪಾಸಿನಲ್ಲಿ ಮೋಸರ್ ಬೇಯರ್ ಕಂಪನಿ ಸಿನಿಮಾದ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿತ್ತು. ಒಂದು ಪ್ಲೇಟ್ ಮಿರ್ಚಿ-ಗಿರ್ಮಿಟ್ ತಿಂದು ಮಿಕ್ಕ ದುಡ್ಡಲ್ಲಿ ಒಂದು ಪಿಕ್ಚರ್ ಮನೆಗೆ ಬರುತ್ತಿತ್ತು. ಆ ಡಿಸ್ಕು ನಿಮ್ಮದು. ಯಾವ ಕಂಪನಿ ಯಾವ ಕಂಪನಿಯನ್ನು ಕೊಂಡರೂ ಕಪಾಟಿನಲ್ಲೇ ಇರುತ್ತಿತ್ತು. ಈಗ ಹಾಗಿಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಹೊಸದಾಗಿ ಬಂತು. ಆ ವಾಹಿನಿಗಳ ಕಾರ್ಯಕ್ರಮಗಳನ್ನು ವೂಟ್ ಆ್ಯಪ್‌ನಲ್ಲಿ ನೋಡುತ್ತಿದ್ದೆವು. 2023ರಲ್ಲಿ ವೂಟ್ ಹೋಗಿ ಜಿಯೋಸಿನಿಮಾದಲ್ಲಿ ಸೇರಿತು. 2025ರ ಫೆಬ್ರುವರಿಯಲ್ಲಿ ಅದೂ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಹತ್ತು ವರ್ಷದೊಳಗೆ ಇಷ್ಟು ಸಲ ಬಾಡಿಗೆ ಮನೆ ಬದಲಿಸಿದ ಸಂಸಾರದಲ್ಲಿ ಯಾವ ಪಾತ್ರೆ ಯಾವ ಗಂಟಿನಲ್ಲಿದೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ನೋಡುಗ ಪ್ರತಿ ಸಲವೂ ಹೊಸ ಆ್ಯಪ್ ಹಾಕಿಕೊಂಡು ಮೊದಲಿನಿಂದ ಹುಡುಕಬೇಕು. ಕೊನೆಗೆ ಬೇಸತ್ತು, ಯಾರೋ ಹಾಕಿದ ತಿರುವುಮುರುವು ಪ್ರತಿಗೇ ವಾಪಸ್.

ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ತಿಳಿದಿರಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1964 ಮತ್ತು ಅದಕ್ಕೂ ಹಿಂದಿನ ಸಿನಿಮಾಗಳ ಅವಧಿ ಮುಗಿದಿದೆ. ‘ಬೇಡರ ಕಣ್ಣಪ್ಪ’ದ ಹಕ್ಕು 2014ರ ಕೊನೆಗೇ ಮುಗಿಯಿತು. ಹಾಡು, ಕತೆ, ಸಂಗೀತದ ಲೆಕ್ಕ ಬೇರೆ. ಅದು ಬರೆದವರು ತೀರಿದ ಮೇಲೆ 60 ವರ್ಷ. ಹಕ್ಕು ಮುಗಿದರೆ ಯಾರಾದರೂ ಒಳ್ಳೇ ಪ್ರತಿ ಮಾಡಬಹುದಲ್ಲ ಅನ್ನಬಹುದು. ಮಾಡಬಹುದು, ಆದರೆ ರೀಲು ಎಲ್ಲಿದೆ? ಹಕ್ಕು ಸಾರ್ವಜನಿಕರದ್ದಾದರೂ ಡಬ್ಬಿ ಯಾರದೋ ಗೋಡೌನಿನಲ್ಲಿ ಇರುತ್ತದೆ. ಬಿಸಿಲು, ತೇವಕ್ಕೆ ಹಳೇ ಫಿಲ್ಮ್ ಕೊಳೆತು ವಿನೆಗರ್ ವಾಸನೆ ಹೊಡೆಯುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ ಅದು ಬಂದು ಮೂವತ್ತು ವರ್ಷ ಆಗಿತ್ತು.

ನಂತರದ ಸಿನಿಮಾಗಳ ಗೋಜಲು ಬೇರೆ ಥರದ್ದು. ನಿರ್ಮಾಪಕರು ವಿಡಿಯೋ ಹಕ್ಕು ಒಬ್ಬರಿಗೆ, ಟಿ.ವಿ. ವಾಹಿನಿಯಲ್ಲಿ ತೋರಿಸುವ ಸ್ಯಾಟಲೈಟ್ ಹಕ್ಕು ಇನ್ನೊಬ್ಬರಿಗೆ, ಆಡಿಯೋ ಮತ್ತೊಬ್ಬರಿಗೆ ಮಾರುತ್ತಿದ್ದರು. ಮೊಬೈಲಿನಲ್ಲಿ ಸಿನಿಮಾ ಅನ್ನುವುದು ಆಗ ಯಾರ ಕನಸಿನಲ್ಲೂ ಇರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ, ಹಕ್ಕು ಬರೆದುಕೊಡುವಾಗ ಚಾಲ್ತಿಯಲ್ಲೇ ಇಲ್ಲದ ಮಾಧ್ಯಮಕ್ಕೆ ಆ ಒಪ್ಪಂದ ತಾನಾಗಿ ಅನ್ವಯಿಸುವುದಿಲ್ಲ ಅಂತ ಸೇರಿಸಿತು, ಒಪ್ಪಂದದಲ್ಲೇ ಆ ಮಾಧ್ಯಮದ ಹೆಸರು ಹೇಳಿದ್ದರೆ ಮಾತ್ರ ಬೇರೆ ಮಾತು. ಒಳ್ಳೆಯದೇ. ಆದರೆ ಮೂರು ಜನರ ಹಸ್ತಾಕ್ಷರ ಕೂಡಿಸಿ ಒಂದು ಸಾಧಾರಣ ಕಾಮಿಡಿಯ ಹೊಸ ಪ್ರತಿ ತೆಗೆಯುವಷ್ಟು ಲಾಭ ಅದರಲ್ಲಿ ಇಲ್ಲ.

ಕೇಳುವುದೇ ಮುಖ್ಯ ಆದಾಗ ಯಾರ ಮಾತು ಕೇಳುತ್ತಿದ್ದೇವೆ ಅನ್ನುವುದೂ ಬರುತ್ತದೆ. ಹಳೇ ಕಾಮಿಡಿಗಳ ಮಾತು ಬಹುಪಾಲು ಬೆಂಗಳೂರು-ಮೈಸೂರು ಕಡೆಯದು. ನಮ್ಮ ಮಾತು ಬಂದರೆ ಹಳ್ಳಿಯಿಂದ ಬಂದ ಪೆದ್ದನಿಗೋ, ಪೇದೆಗೋ, ನಗಿಸಲು ಎರಡು ನಿಮಿಷ. ಧಾರವಾಡದ ಅಜ್ಜಿ ಅದಕ್ಕೂ ನಗುತ್ತಾಳೆ, ಆಮೇಲೆ “ಹಿಂಗ್ಯಾರು ಮಾತಾಡ್ತಾರ?” ಅಂತ ಗೊಣಗುತ್ತಾಳೆ. ಇಡೀ ಸಿನಿಮಾ ಇಲ್ಲಿಯ ಮಾತಿನಲ್ಲೇ ನಡೆದು ಎಲ್ಲ ಕಡೆ ಒಪ್ಪಿಗೆಯಾದದ್ದಕ್ಕೆ 1997ರ ‘ನಾಗಮಂಡಲ’ ನೆನಪಾಗುತ್ತದೆ. ಅದಕ್ಕೆ ಸಂಭಾಷಣೆ ಬರೆದವರು ನಮ್ಮ ಭಾಗದವರೇ ಆದ ಗೋಪಾಲ ವಾಜಪೇಯಿ. ಅದು ಕಾಮಿಡಿ ಅಲ್ಲ ಅನ್ನುವುದು ಬೇರೆ ಮಾತು. ಈಗ ಈ ಕೊರತೆಯನ್ನು ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯ ಹುಡುಗರು ಮೊಬೈಲ್ ಕಾಮಿಡಿಗಳಲ್ಲಿ ತುಂಬುತ್ತಿದ್ದಾರೆ. ಅವೂ ಮಾತಿನ ಕಾಮಿಡಿಗಳೇ. ಕಟ್ಟೆಯ ಮೇಲೆ ಇಬ್ಬರು ಕೂತು ಬೈದಾಡಿದರೆ ಒಂದು ಕಂತು ಮುಗಿಯಿತು. ಮಧ್ಯಾಹ್ನದ ಹೊತ್ತಿನಲ್ಲಿ ಹಳೇ ಪಿಕ್ಚರಿಗೆ ನಿಜವಾದ ಪೈಪೋಟಿ ಕೊಡುತ್ತಿರುವುದು ದುಬಾರಿ ವೆಬ್ ಸೀರೀಸ್ ಅಲ್ಲ, ಇವೇ ಅಂತ ನನ್ನ ಲೆಕ್ಕ.

ಕಿವಿ ಮಂದವಾದವರಿಗೆ ಮಾತ್ರ ಈ ಇಡೀ ಏರ್ಪಾಡು ಅನ್ಯಾಯ. ಹಳೇ ಕಾಮಿಡಿಗಳಿಗೆ ಕನ್ನಡದಲ್ಲಿ ಅಡಿಬರಹ ಇರುವುದು ತೀರಾ ಅಪರೂಪ. ಯಂತ್ರ ತಾನಾಗಿ ಬರೆದುಕೊಡುವ ಅಡಿಬರಹ ಬಾಲಕೃಷ್ಣರ ರಾಗಕ್ಕೆ ಎಡವಿ ಬೀಳುತ್ತದೆ. ಅಜ್ಜ ಸೌಂಡ್ ಏರಿಸುತ್ತಾನೆ, ಸೊಸೆ ಇಳಿಸುತ್ತಾಳೆ. “ಸಣ್ಣಗ ಹಚ್ರಿ ಮಾಮಾರ, ಮಗ್ಗಲ ಮನಿಯವರು ಬಂದಾರು” ಅನ್ನುವುದು ದಿನದ ಮಾತು.

ಸರಕಾರಗಳು ಏನೂ ಮಾಡುತ್ತಿಲ್ಲ ಅನ್ನುವ ಹಾಗಿಲ್ಲ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಅನ್ನುವ ಆ್ಯಪ್ ತಂದಿತು, ದೂರದರ್ಶನದ ಹಳೇ ಕಾರ್ಯಕ್ರಮಗಳು ಅಲ್ಲಿ ಸಿಗುತ್ತವೆ. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಸರಕಾರದ್ದೇ ಓಟಿಟಿ ವೇದಿಕೆಯ ಮಾತು ಬಂತು. ನಾಡಿನ ಸಾಮಾಜಿಕ, ಚಾರಿತ್ರಿಕ, ಸಾಂಸ್ಕೃತಿಕ ಮಹತ್ವದ ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ರೂಪಾಯಿಯನ್ನೂ ಹೇಳಿದರು. ಆ ಮೂರು ಮಾತಿನ ಜರಡಿಯಲ್ಲಿ ದ್ವಾರಕೀಶರ ಒಂದು ಕಾಮಿಡಿ ದಾಟೀತೇ? ದಾಟಬೇಕು. ಒಂದು ಕಾಲದ ಸಂಬಳ, ಬಾಡಿಗೆ, ಗಂಡ-ಹೆಂಡಿರ ಜಗಳ, ಸರಕಾರಿ ಕಚೇರಿಯ ಸೋಮಾರಿತನ ಎಲ್ಲ ದೊಡ್ಡ ಸಿನಿಮಾಗಳಿಗಿಂತ ಕಾಮಿಡಿಯಲ್ಲೇ ಜಾಸ್ತಿ ಸಿಗುತ್ತದೆ. ಆಯ್ಕೆ ಸಮಿತಿಗಳು ಸಾಮಾನ್ಯವಾಗಿ ನಗುವ ಸಿನಿಮಾವನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ನು ಟಿ.ವಿ. ಕಾಮಿಡಿಗಳು ಸಿನಿಮಾವೇ ಅಲ್ಲ, ಅವು ಈ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಸದ್ಯಕ್ಕೆ ಮನೆಯಲ್ಲೇ ಆಗುವ ಎರಡು ಕೆಲಸ ಹೇಳುತ್ತೇನೆ. ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಆಯ್ಕೆ ಇರುತ್ತದೆ. ಹಳೇ ಸೀರಿಯಲ್ ಹಚ್ಚಿದಾಗ ಅದನ್ನು 4:3ಕ್ಕೆ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಮನುಷ್ಯರು ಮನುಷ್ಯರ ಹಾಗೆ ಕಾಣುತ್ತಾರೆ. ಇನ್ನೊಂದು, ಅಟ್ಟದ ಮೇಲಿನ ಹಳೇ ವಿಡಿಯೋ ಕ್ಯಾಸೆಟ್ಟುಗಳದ್ದು. 1980-90ರ ದಶಕದಲ್ಲಿ ಟಿ.ವಿ.ಯಿಂದ ನೇರ ರೆಕಾರ್ಡ್ ಮಾಡಿಕೊಂಡ ಮನೆಗಳು ಧಾರವಾಡದಲ್ಲಿ ಇದ್ದವು. ಟೇಪು ದುಬಾರಿ ಇದ್ದ ಕಾಲದಲ್ಲಿ ಟಿ.ವಿ. ಕೇಂದ್ರಗಳು ಹಳೇ ಕಾರ್ಯಕ್ರಮದ ಮೇಲೇ ಹೊಸದನ್ನು ರೆಕಾರ್ಡ್ ಮಾಡುವುದು ಇತ್ತು. ನಿಮ್ಮ ಅಟ್ಟದ ಕ್ಯಾಸೆಟ್ಟಿನಲ್ಲಿ ಇರುವುದು ಬೇರೆಲ್ಲೂ ಇಲ್ಲದ್ದೇ ಆಗಿರಬಹುದು. ಧಾರವಾಡದ ಮಳೆಗಾಲಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳಲ್ಲಿ ಕೆಲವರು ಇದನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಾರೆ. ಜನ ಮದುವೆ ಕ್ಯಾಸೆಟ್ ಮಾತ್ರ ಒಯ್ಯುತ್ತಾರೆ. ‘ಟಿ.ವಿ.’ ಅಂತ ಪೆನ್ನಿನಲ್ಲಿ ಬರೆದಿಟ್ಟದ್ದನ್ನೂ ಒಯ್ಯಿರಿ. ತಡ ಮಾಡಬೇಡಿ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿದೆ. ಈಗ ಸ್ಟುಡಿಯೋಗಳಲ್ಲಿ ಇರುವುದು ಹಳೇ ಯಂತ್ರಗಳೇ, ಕೆಟ್ಟರೆ ಇನ್ನೊಂದು ಹಳೇ ಯಂತ್ರ ಬಿಚ್ಚಿ ಬಿಡಿಭಾಗ ಹಾಕುತ್ತಾರೆ.